ಗೌರಮ್ಮನವರ ಅಕ್ಕಿ ಮಿಲ್ಲು ಮತ್ತು ಕೆನಡಾದ ವೀಸಾ

ನನ್ನ ಮೊಮ್ಮಗಳು ಚಂದನಾಗೆ ಅಕ್ಕಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಓಡುವುದಿಲ್ಲ. ಡಿಪ್ಲೊಮಾ ಓದಿದ ಹುಡುಗಿ. ನಂಜನಗೂಡಿನ ಆಚೆ ಹೊಸದಾಗಿ ಎದ್ದಿರುವ ದೊಡ್ಡ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಸಕ್ಕರೆ ಹಂಚಿದೆ. ಸಕ್ಕರೆ ಮುಗಿದ ಮೇಲೆ ಬೆಲ್ಲ ಹಂಚಿದೆ. ನನ್ನ ಸೊಸೆ, “ಮಾವ, ಸಾಕು ಸುಮ್ನಿರಿ, ಅವ್ಳಿಗೇನು ಕಲೆಕ್ಟರ್ ಕೆಲ್ಸ ಸಿಕ್ಕೈತಾ?” ಎಂದು ನಕ್ಕಳು. ಸಿಗಲಿ ಬಿಡಲಿ, ನನಗೆ ಕಲೆಕ್ಟರ್ ಕೆಲಸ ಏನೆಂದು ಗೊತ್ತಿಲ್ಲ. ಮಿಲ್ಲಿನ ಕೆಲಸ ಏನೆಂದು ಗೊತ್ತು.

ನನ್ನ ಹೆಸರು ಮಾದಪ್ಪ. ಊರು ಹೆಡತಲೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅದರ ಮೇಲೆ ಓದಿದ್ದೆಲ್ಲ ಅಕ್ಕಿ ಮೂಟೆಯ ಮೇಲಿನ ಹೆಸರುಗಳು. ಮೊದಲು ನಂಜನಗೂಡಿನಲ್ಲಿ, ಆಮೇಲೆ ನರಸೀಪುರದಲ್ಲಿ, ದುಡಿಯುವ ಆಯಸ್ಸೆಲ್ಲ ಮಿಲ್ಲಿನಲ್ಲೇ ಕಳೆದೆ. ಮಿಲ್ಲು ಓಡಿಸುವವನನ್ನು ನಮ್ಮ ಕಾಲದಲ್ಲಿ ಡ್ರೈವರ್ ಅನ್ನುತ್ತಿದ್ದರು. ಚಂದನಾಗೆ ಅದೇ ಕೆಲಸಕ್ಕೆ ಈಗ ಉದ್ದನೆಯ ಹೆಸರು ಇದೆ. “ತಾತ, ನಿಮ್ ಕಾಲ್ದಲ್ಲಿ ಮಿಲ್ಲು ಹೆಂಗಿತ್ತು, ನಿಜ ಹೇಳು, ಜಂಬ ಬೇಡ” ಅಂದಳು. ಅವಳಿಗಾಗಿ, ಅವಳ ಜೊತೆ ಸೇರಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಗುಣಿತ ಅವಳು ತಿದ್ದುತ್ತಾಳೆ. ಮಾತು ಮಾತ್ರ ತಿದ್ದಬಾರದೆಂದು ಆಣೆ ಹಾಕಿಸಿಕೊಂಡಿದ್ದೇನೆ.

ಮಿಲ್ಲಿನ ಮೊದಲನೇ ಪಾಠ ಬಟ್ಟೆಯದು. ನಂಜನಗೂಡಿನಲ್ಲಿ ನನಗೆ ಕೆಲಸ ಕಲಿಸಿದವರು ರಂಗಪ್ಪ ಮೇಸ್ತ್ರಿ. ಬಾಯಿ ಬಿಟ್ಟರೆ ಬೈಗುಳ. ನಾನು ಸೇರಿದ ವಾರವೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಲ್ಲರಿನ ಹತ್ತಿರ ಬಗ್ಗಿದೆ. ಹಲ್ಲರ್ ಅಂದರೆ ಭತ್ತದ ಸಿಪ್ಪೆ ಬಿಡಿಸುವ ಯಂತ್ರ. ಅದನ್ನು ತಿರುಗಿಸಲು ಮೋಟಾರಿನಿಂದ ಅಗಲದ ಬೆಲ್ಟು ಬರುತ್ತದೆ. ಆ ಬೆಲ್ಟು ನನ್ನ ಟವೆಲಿನ ತುದಿ ಹಿಡಿಯಿತು. ಮೇಸ್ತ್ರಿ ನನ್ನ ಕುತ್ತಿಗೆಗೆ ಕೈ ಹಾಕಿ ಹಿಂದಕ್ಕೆ ಎಳೆದು ಬಿಸಾಡಿದರು. ಟವೆಲು ಬೆಲ್ಟಿನ ಜೊತೆ ಸೂರಿನವರೆಗೆ ಹೋಗಿ ಚಿಂದಿಯಾಗಿ ಬಿತ್ತು. ನಾನು ಹೊಟ್ಟಿನ ರಾಶಿಯಲ್ಲಿ ಬಿದ್ದಿದ್ದೆ.

“ಎದ್ದೇಳ್ಲಾ ಮದ್ಲಿಂಗ! ಮದ್ವೆ ಮನ್ಗೆ ಬಂದಿದ್ದೀಯೇನ್ಲಾ, ಎಗ್ಲ ಮ್ಯಾಲೆ ಶಲ್ಯ ಆಕ್ಕಂಡು?” ಎಂದು ಬೈದರು. ಬೈಯುತ್ತಲೇ ನನ್ನ ಮೈಮೇಲಿನ ಹೊಟ್ಟು ಕೊಡವಿ, ಕುತ್ತಿಗೆ ತಿರುಗಿಸಿ ನೋಡಿದರು. ನನಗೆ ಅವತ್ತೇ ಗೊತ್ತಾಯಿತು, ಈ ಮನುಷ್ಯನ ಬೈಗುಳ ಬರೀ ಹೊಟ್ಟು, ಒಳಗೆ ಕಾಳಿದೆ ಎಂದು. ಈ ಕುತ್ತಿಗೆ ಉಳಿದಿರುವುದು ಅವರ ಸಾಲ. ಚಂದನಾ, ವೇಲು ಗೀಲು ಹಾಕಿಕೊಂಡು ಹೋಗಬೇಡ ಕಣಮ್ಮ.

ಎರಡನೇ ಪಾಠ ಬಾಯಿ ಒರೆಸುವುದು. ಭತ್ತ ಸುರಿಯುವ ದೊಡ್ಡ ತಗಡಿನ ಬುಟ್ಟಿಯನ್ನು ನಾವು ಯಂತ್ರದ ಬಾಯಿ ಅನ್ನುತ್ತೇವೆ. ಒಬ್ಬರ ಭತ್ತ ಮುಗಿದು ಇನ್ನೊಬ್ಬರದು ಹಾಕುವ ಮೊದಲು ಆ ಬಾಯನ್ನು, ಅದರ ಕೆಳಗಿನ ಗಂಟಲನ್ನು ಪೂರ್ತಿ ಖಾಲಿ ಮಾಡಬೇಕು. ಬಿಳಿಗೆರೆಯ ಒಬ್ಬ ಯಜಮಾನರು ಮಗಳ ಮದುವೆಗೆ ಸಣ್ಣಕ್ಕಿ ಮಾಡಿಸಲು ಭತ್ತ ತಂದಿದ್ದರು. ಅದಕ್ಕೆ ಮುಂಚೆ ನಾನು ರಾಜಮುಡಿ ಓಡಿಸಿದ್ದೆ, ಕೆಂಪಕ್ಕಿ. ಅವಸರದಲ್ಲಿ ಗಂಟಲು ಖಾಲಿ ಮಾಡಲಿಲ್ಲ. ಮದುವೆ ಮನೆಯಲ್ಲಿ ಬೀಗರ ಎಲೆಗೆ ಬಡಿಸಿದ ಬಿಳಿ ಅನ್ನದಲ್ಲಿ ಕೆಂಪು ಚುಕ್ಕಿ. ಬೀಗರು, “ಏನಿದು, ಅನ್ನಕ್ಕೂ ಕುಂಕುಮ ಇಟ್ಟವ್ರಲ್ಲ ನಿಮ್ಮೂರ್ನಾಗೆ!” ಅಂದರಂತೆ. ಯಜಮಾನರು ಮಾರನೇ ದಿನ ಮಿಲ್ಲಿಗೆ ಬಂದಾಗ ನಾನು ಮೂಟೆಗಳ ಹಿಂದೆ ಕೂತಿದ್ದೆ. ಮೇಸ್ತ್ರಿ ನನ್ನನ್ನು ಬಿಟ್ಟುಕೊಡಲಿಲ್ಲ. “ಯಂತ್ರದ ತಪ್ಪು ಯಜಮಾನ್ರೇ” ಎಂದು ಯಂತ್ರದ ತಲೆಗೆ ಕಟ್ಟಿದರು. ಅವರು ಹೋದ ಮೇಲೆ ಆ ಯಂತ್ರಕ್ಕೆ ನನ್ನ ಕೈಯಿಂದಲೇ ಕೈಮುಗಿಸಿ ಕ್ಷಮೆ ಕೇಳಿಸಿದರು!

ಮೂರನೆಯದು ಕಿವಿ. ಅದನ್ನು ಬರೆದು ಕಲಿಸಲು ಆಗುವುದಿಲ್ಲ. ಯಂತ್ರ ಹಸಿದಾಗ ಒಂದು ಸದ್ದು, ತುಂಬಿದಾಗ ಒಂದು ಸದ್ದು, ಬೆಲ್ಟು ಜಾರುವಾಗ ಇನ್ನೊಂದು. ಜಾರಿದರೆ ಒಳಮೈಗೆ ಚೂರು ರಾಳ ಉಜ್ಜುತ್ತಿದ್ದೆವು. ಈಗ ಚಂದನಾಳ ಮಿಲ್ಲಿನಲ್ಲಿ ಅದೆಲ್ಲ ಗಾಜಿನ ಪರದೆಯ ಮೇಲೆ ಬರುತ್ತದಂತೆ. ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳನ್ನು ಗಾಳಿಯಲ್ಲಿ ಊದಿ ಎಸೆಯುವ ಯಂತ್ರವೂ ಇದೆಯಂತೆ. ಒಳ್ಳೆಯದೇ. ಅಂಥದ್ದೊಂದು ನನ್ನ ಹತ್ತಿರ ಇದ್ದಿದ್ದರೆ ಬೀಗರ ಎಲೆಗೆ ಕುಂಕುಮ ಬೀಳುತ್ತಿರಲಿಲ್ಲ.

ಇಷ್ಟು ಕಲಿತು ನಾನು ನರಸೀಪುರಕ್ಕೆ ಹೋದೆ. ಅಲ್ಲಿನ ಮಿಲ್ಲಿನ ಮಾಲೀಕರು ಕಟ್ಟಿಸುವಾಗಲೇ ನನ್ನನ್ನು ಕೇಳಿ ಕರೆಸಿಕೊಂಡಿದ್ದರು. ಮಠದ ಕಡೆಯ ಒಳ್ಳೇ ಮನೆತನ. ತೊಂಬತ್ತರ ದಶಕದ ಮೊದಲಲ್ಲೇ ಅವರು ತೀರಿಕೊಂಡರು. ವಯಸ್ಸೇನೂ ಆಗಿರಲಿಲ್ಲ. ಮಿಲ್ಲಿನ ಬಾಗಿಲು ಹಾಕಿದರು. ನಾವು ಕೆಲಸದವರು ಬೇರೆ ಕಡೆ ಕೇಳಿಕೊಳ್ಳಲು ಶುರು ಮಾಡಿದ್ದೆವು. ಒಂದು ಬೆಳಿಗ್ಗೆ ಅವರ ಹೆಂಡತಿ ಗೌರಮ್ಮನವರು, ಎರಡು ಹೆಣ್ಣುಮಕ್ಕಳನ್ನು ಸ್ಕೂಲಿಗೆ ಕಳಿಸಿ, ಬೀಗದ ಕೈ ತೆಗೆದುಕೊಂಡು ಬಂದರು.

“ಮಾದಣ್ಣ, ಇದನ್ನ ಓಡಿಸೋದು ಹೇಗೆ ಅಂತ ನನಗೆ ತೋರಿಸು.”

“ಅಮ್ಮಾವ್ರೇ, ನಾ ಓಡುಸ್ತೀನಲ್ಲ, ನಿಮಗ್ಯಾಕೆ ಈ ದೂಳು?”

“ನೀನು ಓಡಿಸ್ತೀಯ, ಸರಿ. ನೀನು ಸರಿಯಾಗಿ ಓಡಿಸ್ತಾ ಇದೀಯೋ ಇಲ್ವೋ ಅಂತ ಗೊತ್ತಾಗಬೇಕಲ್ಲ!”

ಹೀಗೆ ಶುರುವಾಯಿತು. ಮೊದಮೊದಲು ರೈತರು ಅವರ ಕಡೆ ನೋಡದೆ ನನ್ನ ಹತ್ತಿರ ಮಾತಾಡುತ್ತಿದ್ದರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ತೂಕದ ಹತ್ತಿರ ತಾವೇ ನಿಂತರು. ಭತ್ತ ತಂದವರ ಕಣ್ಣೆದುರಿಗೇ ತೂಗಿಸಿದರು. ನುಚ್ಚು, ತೌಡು ಯಾರದೋ ಅವರಿಗೇ ಕಟ್ಟಿಸಿ ಕೊಟ್ಟರು. ಯಂತ್ರದಿಂದ ಬಿದ್ದ ಮೊದಲ ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ಒಂದೆರಡು ಕಾಳು ಹಲ್ಲಿನಲ್ಲಿ ಕಡಿದು, “ಮಾದಣ್ಣ, ಬಿಗಿ ಜಾಸ್ತಿ ಆಯ್ತು, ಸಡಿಲ ಮಾಡು” ಅನ್ನುವಷ್ಟು ಕಲಿತರು. ಹಲ್ಲರ್ ತೆಗೆಸಿ, ಕಾಳು ಒಡೆಯದೆ ಸಿಪ್ಪೆ ಬಿಡಿಸುವ ರಬ್ಬರ್ ರೋಲರ್ ಹಾಕಿಸಿದವರೂ ಅವರೇ. ಆಗ ನಾನು ಬೇಡ ಅಂದಿದ್ದೆ, ಸುಳ್ಳು ಹೇಳುವುದಿಲ್ಲ. ಹಾಕಿದ ಮೇಲೆ ನುಚ್ಚು ಕಡಿಮೆಯಾಯಿತು, ಗಿರಾಕಿ ಹೆಚ್ಚಿದರು. ನೆರೆಯ ಊರಿನವರು “ಗೌರಮ್ಮನ ಮಿಲ್ಲು” ಅನ್ನತೊಡಗಿದರು. ಬೋರ್ಡಿನ ಮೇಲೆ ಮಾತ್ರ ಅವರ ಗಂಡನ ಹೆಸರೇ ಇತ್ತು.

ಹೀಗೆ ಕೆಲವು ವರ್ಷ ನಡೆದ ಮೇಲೆ ಕೆನಡಾದ ಮಾತು ಬಂತು. ಗೌರಮ್ಮನವರ ನಾದಿನಿ, ಅಂದರೆ ಅವರ ಗಂಡನ ತಂಗಿ, ಮದುವೆಯಾಗಿ ಆ ದೇಶದಲ್ಲಿದ್ದರು. ಊರಿಗೆ ಬಂದಾಗ ಹೇಳಿದರು: ಅಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ, ಒಳ್ಳೆಯ ರಾಗಿಹಿಟ್ಟಿಗೆ ಬಾಯಿಬಾಯಿ ಬಿಡುತ್ತಾರೆ. ಸ್ವಂತ ಬಂಡವಾಳ ತಂದು ವ್ಯಾಪಾರ ಶುರು ಮಾಡುವವರಿಗೆ ಅಂತಲೇ ಒಂದು ವೀಸಾ ಇದೆ. ವ್ಯಾಪಾರ ನಡೆಸಿ ಗೊತ್ತಿರುವವರಾಗಿರಬೇಕು, ಅಷ್ಟೇ. ಸಿಕ್ಕಿದರೆ ಮಕ್ಕಳ ಸಮೇತ ಕಾಯಂ ಆಗಿ ಅಲ್ಲೇ ಇರಬಹುದು.

ಗೌರಮ್ಮನವರಿಗೆ ಆ ಮಾತು ಮನಸ್ಸಿಗೆ ಹತ್ತಿತು. ಮೈಸೂರಿನಲ್ಲಿ ಇದನ್ನೇ ಮಾಡಿಸಿಕೊಡುವ ಒಬ್ಬರನ್ನು ನೋಡಿದರು. ತವರಿನಿಂದ ಬಂದ ಜಮೀನಿನ ಪಾಲು ಮಾರಿದರು. ಮಿಲ್ಲನ್ನು ಮುಂದೆ ನೋಡಿಕೊಳ್ಳಲು ಮೈದುನ ಬಸವರಾಜು ಒಪ್ಪಿದರು. ಮುಂದೇನು ಎಂದು ನಾವು ಕೆಲಸದವರು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಒಂದು ದಿನ ಕಣದಲ್ಲಿ ಭತ್ತ ಹರವುತ್ತಾ ಕೇಳಿಯೇಬಿಟ್ಟೆ.

“ಅಮ್ಮಾವ್ರೇ, ಇಲ್ಲೇನು ಕಮ್ಮಿ ಆಗೈತೆ ನಿಮ್ಗೆ?”

ಅವರು ಭತ್ತದ ಮೇಲೆ ಕಾಲಿನಿಂದ ಗೆರೆ ಎಳೆಯುತ್ತಾ ಹೇಳಿದರು.

“ಇಲ್ಲಿ ಏನೂ ಕಮ್ಮಿ ಇಲ್ಲ ಮಾದಣ್ಣ. ಆದರೆ ಮೊನ್ನೆ ನನ್ನ ದೊಡ್ಡ ಮಗಳು ಕೇಳಿದಳು, ‘ಅಮ್ಮ, ಹೊಸ ರೋಲರ್ ಪೂಜೆಗೆ ನೀನ್ಯಾಕೆ ಹಿಂದೆ ನಿಂತಿದ್ದೆ, ತಂದಿದ್ದು ನೀನಲ್ವಾ?’ ಅಂತ. ನಾನು ಏನು ಹೇಳಲಿ? ಗಂಡ ಇಲ್ಲದವಳು ಶುಭಕಾರ್ಯಕ್ಕೆ ಎದುರಿಗೆ ಬರಬಾರದು ಅಂತ ಹೇಳಿದೆ. ಹೇಳಿದ ಮೇಲೆ, ಇದನ್ನ ಅವಳು ನಿಜ ಅಂತ ತಿಳ್ಕೊಂಡು ಬೆಳೀತಾಳಲ್ಲ ಅನ್ನಿಸ್ತು. ಆ ಅರ್ಜಿಯಲ್ಲಿ ‘ವ್ಯಾಪಾರ ನಡೆಸುವವರು ಯಾರು’ ಅಂತ ಕೇಳಿದಾರೆ. ನನ್ನ ಹೆಸರು ಬರೆದೆ. ಬರೆದು ಒಂದು ಸಲ ಓದಿಕೊಂಡೆ.”

ಅಷ್ಟೇ ಹೇಳಿದ್ದು. ಆಮೇಲೆ ನಾನು ಅದರ ಬಗ್ಗೆ ಕೇಳಲಿಲ್ಲ. ಅವರಿಗೆ ಅದು ಸಿಗಲಿ ಎಂದು ಮನಸ್ಸಿನಲ್ಲೇ ನಂಜುಂಡನಿಗೆ ಹರಸಿಕೊಂಡೆ.

ಅರ್ಜಿ ಹೋಗಿ ಬಹಳ ದಿನದ ಮೇಲೆ ಸುದ್ದಿ ಬಂತು. ವೀಸಾ ಕಚೇರಿಯಿಂದ ಒಬ್ಬರು ಬಂದು ಮಿಲ್ಲನ್ನು ಕಣ್ಣಾರೆ ನೋಡುತ್ತಾರೆ. ಮಿಲ್ಲು ನಿಜವಾಗಿ ನಡೆಯುತ್ತಿದೆಯಾ, ಅರ್ಜಿ ಹಾಕಿದವರೇ ನಡೆಸುತ್ತಿದ್ದಾರಾ, ಇವೆರಡು ಅವರಿಗೆ ಗೊತ್ತಾಗಬೇಕಂತೆ. ಅವರು ಒಪ್ಪಿದರೆ ಮುಂದೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಈಗ ನಾವು ಏನು ಮಾಡಿದೆವು ಅಂತ ಹೇಳುತ್ತೇನೆ. ನಗಬೇಡಿ. ನಿಮ್ಮ ಮನೆಗೆ ದೊಡ್ಡ ಅತಿಥಿ ಬಂದರೆ ಏನು ಮಾಡುತ್ತೀರೋ ನಾವೂ ಅದನ್ನೇ ಮಾಡಿದೆವು. ಹಿಂದಿನ ದಿನವೇ ಮಿಲ್ಲು ನಿಲ್ಲಿಸಿದೆವು. ಗೋಡೆಗೆ ಸುಣ್ಣ ಹೊಡೆಸಿದೆವು. ಸೂರಿನಲ್ಲಿ ಕೂತಿದ್ದ ತೌಡಿನ ಧೂಳನ್ನು ಜಾಡಿಸಿ, ನೆಲ ತೊಳೆದೆವು. ಮೂಟೆಗಳನ್ನೆಲ್ಲ ಹಿಂದಿನ ಗೋಡೌನಿಗೆ ಸಾಗಿಸಿ ಜಾಗ ಮಾಡಿದೆವು. ಬೆಲ್ಟು ಕಳಚಿ ಒರೆಸಿ ಮೊಳೆಗೆ ನೇತುಹಾಕಿದೆ. ಆಯುಧಪೂಜೆಯ ಹಾಗೆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೆವು. ಭತ್ತ ತರುವವರಿಗೆ “ನಾಡಿದ್ದು ಬನ್ನಿ” ಎಂದು ಹೇಳಿ ಕಳಿಸಿದೆವು. ಆಳುಗಳಿಗೆ ರಜೆ, ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಬರಬೇಕೆಂದು ಕಟ್ಟಪ್ಪಣೆ. ಒಬ್ಬರಿಗೂ, ಗೌರಮ್ಮನವರಿಗೂ, ಇದರಲ್ಲಿ ತಪ್ಪು ಕಾಣಿಸಲಿಲ್ಲ. ಮಿಲ್ಲು ಅಷ್ಟು ಚೆಂದ ನಾನು ಯಾವತ್ತೂ ನೋಡಿರಲಿಲ್ಲ.

ಬಂದವರು ಒಬ್ಬ ಬಿಳಿಯ ಹೆಂಗಸು. ನಡುವಯಸ್ಸು, ಕನ್ನಡಕ, ಪ್ಯಾಂಟು, ದೊಡ್ಡ ಚೀಲ. ಮಾತು ತಿಳಿಸಲು ಬೆಂಗಳೂರಿನ ಒಬ್ಬ ಹುಡುಗಿಯನ್ನು ಜೊತೆಗೆ ಕರೆತಂದಿದ್ದರು. ಬಸವರಾಜು ರೇಷ್ಮೆ ಪಂಚೆ ಉಟ್ಟು, ಅವರ ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಹಾರ ಹಾಕಿದರು. ಆ ಅಮ್ಮ ಹಾರ ಹಾಕಿಸಿಕೊಂಡು ಸುತ್ತ ನೋಡಿದರು. ಬಸವರಾಜು ಅವರನ್ನು ಕೂರಿಸಿ, ಎದುರಿಗೆ ಮಾಲೀಕರ ಕುರ್ಚಿಯಲ್ಲಿ ತಾವು ಕೂತರು. ದುರಾಸೆ ಅಲ್ಲ, ಆ ಮನುಷ್ಯನ ಮನಸ್ಸು ಅಪ್ಪಟ. ಅತಿಥಿಗೆ ಮನೆಯ ಗಂಡಸು ಎದುರಿರಬೇಕು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಗೌರಮ್ಮನವರು ಎಲ್ಲಿದ್ದರು? ಒಳಗಿನ ಕೋಣೆಯ ಬಾಗಿಲ ಸಂದಿಯಲ್ಲಿ, ಸೆರಗು ಹೊದ್ದು. ಶುಭಕಾರ್ಯ ಅಲ್ಲವೇ.

“ಮಿಲ್ಲು ಯಾವಾಗ ನಿಂತಿತು ಅಂತ ಮೇಡಂ ಕೇಳ್ತಿದ್ದಾರೆ,” ಎಂದಳು ಬೆಂಗಳೂರಿನ ಹುಡುಗಿ.

“ನಿಂತಿಲ್ಲಮ್ಮ, ನಿಲ್ಸಿದ್ದೀವಿ! ಅವ್ರಿಗೋಸ್ಕರಾನೇ!” ಎಂದು ಬಸವರಾಜು ಹೆಮ್ಮೆಯಿಂದ ಹೇಳಿದರು.

ಆ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಅಮ್ಮನ ಹುಬ್ಬು ಕೂಡಿತು. ಎದ್ದು ಹೋಗಿ ತೊಳೆದ ನೆಲ ನೋಡಿದರು. ಮೊಳೆಗೆ ನೇತುಹಾಕಿದ ಬೆಲ್ಟು ನೋಡಿದರು. ಯಂತ್ರದ ಬಾಯಿಯೊಳಗೆ ಬೆರಳು ಹಾಕಿ ತೆಗೆದು ನೋಡಿದರು, ಒಂದು ಚೂರು ಧೂಳಿಲ್ಲ. ನಾನೇ ಒರೆಸಿದ್ದೆ. ಬಿಳಿಗೆರೆಯ ಮದುವೆ ಆದಮೇಲೆ ಬಾಯಿ ಒರೆಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

“ಒಂದು ಸಲ ಓಡಿಸಿ ತೋರಿಸಬಹುದಾ ಅಂತ ಕೇಳ್ತಿದ್ದಾರೆ.”

“ಪೂಜೆ ಆಗಿದೆಯಲ್ಲಮ್ಮ, ಪೂಜೆ ಮಾಡಿದ ಯಂತ್ರಾನ ಅವತ್ತು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಬೇಕಾದ್ರೆ...”

“ನಾಳೆ ಬೆಳಿಗ್ಗೆ ಅವರು ದೆಹಲಿಗೆ ಹೊರಡ್ತಾರೆ. ಅರ್ಜಿದಾರರು ಎಲ್ಲಿ ಅಂತ ಕೇಳ್ತಿದ್ದಾರೆ.”

“ನಮ್ಮತ್ತಿಗೆಯವ್ರು ಒಳಗಿದ್ದಾರೆ. ಏನಿದ್ರೂ ನನ್ನನ್ನ ಕೇಳಿ, ನಾನು ಹೇಳ್ತೀನಿ.”

ಇಂಗ್ಲಿಷು ನನಗೆ ಬರುವುದಿಲ್ಲ, ಮುಖ ಓದಲು ಬರುತ್ತದೆ. ಆ ಅಮ್ಮನ ಮುಖ ಬಾಗಿಲು ಹಾಕಿಕೊಂಡಿತು. ಅವರ ಕಡೆಯಿಂದ ನೋಡಿದರೆ ಸರಿಯೇ. ಮೂಟೆ ಇಲ್ಲ, ಗಿರಾಕಿ ಇಲ್ಲ, ಸದ್ದಿಲ್ಲ. ಮುಚ್ಚಿಹೋದ ಮಿಲ್ಲಿಗೆ ಸುಣ್ಣ ಬಳಿದು ನಾಟಕ ಆಡುತ್ತಿದ್ದಾರೆ, ಒಳಗಿರುವ ಹೆಂಗಸಿನ ಹೆಸರಿನಲ್ಲಿ ಈ ಗಂಡಸು ಅರ್ಜಿ ಹಾಕಿಸಿದ್ದಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಅವರು ಪೆನ್ನಿನ ಮುಚ್ಚಳ ಹಾಕಿ ಚೀಲ ಹೆಗಲಿಗೇರಿಸಿದರು. ನಾನು ಬಾಗಿಲ ಸಂದಿಯ ಕಡೆ ನೋಡಿದೆ. ಗೌರಮ್ಮನವರ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಅವರಿಗೂ ಅರ್ಥವಾಗಿತ್ತು. ಆದರೂ ಹೊಸ್ತಿಲು ದಾಟಲು ಕಾಲು ಬರಲಿಲ್ಲ.

ಆಗ ಹೊರಗೆ ಗಾಡಿ ನಿಂತ ಸದ್ದಾಯಿತು. ಮುಡುಕುತೊರೆಯ ಚಿಕ್ಕತಾಯಮ್ಮ! ಗಂಡ ಸತ್ತು ಎಷ್ಟೋ ವರ್ಷವಾದ, ಬೊಚ್ಚುಬಾಯಿಯ, ಊರಿಗೇ ಗೊತ್ತಿರುವ ಜಗಳಗಂಟಿ. “ನಾಡಿದ್ದು ಬನ್ನಿ” ಅನ್ನುವ ಮಾತು ಅವಳಿಗೆ ಮುಟ್ಟಿರಲಿಲ್ಲವೋ, ಮುಟ್ಟಿದರೂ ಲೆಕ್ಕಕ್ಕಿಲ್ಲವೋ. ನೇರ ಒಳಗೆ ಬಂದಳು.

“ಮಾದ, ಗಾಡೀಲಿ ರಾಜಮುಡಿ ಐತೆ, ಇಳುಸ್ಕೋ. ನಾಳೀಕೆ ಮರಿಮೊಮ್ಮಗೂನ ತೊಟ್ಲಿಗಾಕ್ತೀವಿ. ಅಯ್ಯೋ, ಇದೇನ್ಲಾ ಇದು, ಮಿಲ್ಲೋ ಗುಡೀನೋ?”

“ಇವತ್ತು ಮಿಲ್ಲಿಲ್ಲ ಚಿಕ್ಕತಾಯವ್ವ, ನಾಳೆ ಬಾ,” ಎಂದರು ಬಸವರಾಜು ಕುರ್ಚಿಯಿಂದ.

ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಿಳಿಯ ಅಮ್ಮನನ್ನು ಕಂಬ ದಾಟಿದ ಹಾಗೆ ದಾಟಿಕೊಂಡು, ಸೀದಾ ಒಳಗಿನ ಬಾಗಿಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನವ್ವ ಗೌರಮ್ಮ! ಓದ್ ವಾರ ನೀನೇ ಏಳಿದ್ದಲ್ಲ, ತಕಂಡ್ ಬಾ ಚಿಕ್ಕತಾಯವ್ವ, ನಿಂತ ಕಾಲಲ್ಲಿ ಮಾಡ್ಸಿಕೊಡ್ತೀನಿ ಅಂತವ? ಇಷ್ಟ್ ವರ್ಸ ಮುಂದ್ಗಡೆ ನಿಂತ್ಕಂಡು ತೂಗ್ಸೋಳು ಇವತ್ತು ಬಾಗ್ಲು ಸಂದೀಲಿ ನಿಂತಿದ್ದೀಯಲ್ಲ, ಯಾವ ಕಾಯ್ಲೆ ಬಂತು ನಿಂಗೆ? ದಿನಾ ನಂಗೂ ನಿಂಗೂ ತೌಡಿಗೆ ಜಗಳ ಆಯ್ತಿತ್ತು, ಆ ಬಾಯಿ ಎಲ್ಲೋಯ್ತು?”

ಹೊರಗೆ ಹೊರಟಿದ್ದ ಬಿಳಿಯ ಅಮ್ಮ ನಿಂತರು. ಏನೋ ಕೇಳಿದರು. ಬೆಂಗಳೂರಿನ ಹುಡುಗಿ ಕೆಂಪಾಗಿ ನಮ್ಮ ಕಡೆ ನೋಡಿ, “ಅಜ್ಜಿ ಹೇಳಿದ್ದನ್ನೆಲ್ಲ ಹೇಳಬೇಕಂತೆ, ಒಂದೂ ಬಿಡದ ಹಾಗೆ” ಎಂದು ನಿಧಾನವಾಗಿ ಇಂಗ್ಲಿಷಿಗೆ ತಂದಳು. ತೌಡಿನ ಜಗಳವನ್ನೂ ತಂದಳು ಅಂತ ಕಾಣುತ್ತದೆ, ಅಲ್ಲಿ ಆ ಅಮ್ಮನ ತುಟಿಯ ಕೊನೆ ಅಲುಗಿತು.

“ಚಿಕ್ಕತಾಯವ್ವ, ಪೂಜೆ ಆಗಿದೆ ಕಣೆ...” ಗೌರಮ್ಮನವರು ಬಾಗಿಲ ಸಂದಿಯಿಂದಲೇ ಹೇಳಿದರು.

“ಪೂಜೆ ನಿನ್ ಯಂತ್ರಕ್ಕಾಗೈತೆ, ನನ್ ಮರಿಮೊಮ್ಮಗೂಗೆ ನಾಳೀಕೆ ಪಾಯ್ಸ ಆಗ್ಬೇಡ್ವಾ? ಗಂಡ ಓದ್ಮೇಲೆ ಈ ಮಿಲ್ಲು ನಡ್ಸಿದ್ಯಾರು, ನೀನೋ, ಆ ಹೂವಿನ ಆರಾನೋ? ನಾನೂ ತಾಳಿ ಕಳಕಂಡೋಳೇ. ನಾನು ನಾಟಿ ಮಾಡಿದ್ ಬತ್ತ ಮೊಳಿತೈತೆ. ನೀನು ಮುಟ್ಟುದ್ರೆ ಯಂತ್ರ ಸುಟ್ಟೋಯ್ತದಾ? ಬಾ ಈಚ್ಗೆ!”

ಗೌರಮ್ಮನವರು ಈಚೆಗೆ ಬಂದರು.

ಅದನ್ನು ನಾನು ಇವತ್ತಿಗೂ ಕಣ್ಣಲ್ಲಿ ಇಟ್ಟುಕೊಂಡಿದ್ದೇನೆ. ಯಾರ ಮುಖವನ್ನೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಯಂತ್ರದ ಹತ್ತಿರ ಹೋಗಿ ಚೆಂಡುಹೂವಿನ ಹಾರವನ್ನು ಎರಡು ಕೈಯಿಂದ ಎತ್ತಿ ತೆಗೆದು, ಕಣ್ಣಿಗೊತ್ತಿ, ಪಕ್ಕಕ್ಕೆ ಇಟ್ಟರು. “ಮಾದಣ್ಣ, ಬೆಲ್ಟು ಹಾಕು” ಅಂದರು.

ನಾನು ಒಗೆದ ಬಟ್ಟೆಯಲ್ಲೇ ಓಡಿದೆ. ಬೆಲ್ಟು ಏರಿಸಿದೆ, ಸ್ವಿಚ್ಚು ಹಾಕಿದೆ. ಕರೆಂಟು ಇತ್ತು! ನರಸೀಪುರದ ಕರೆಂಟಿಗೆ ಅವತ್ತು ನಾನು ಮನಸಾರೆ ಕೈಮುಗಿದೆ. ರಜೆಯಲ್ಲಿ ಬಂದಿದ್ದ ಆಳುಗಳು ಹೇಳಿಸಿಕೊಳ್ಳದೆ ಗಾಡಿಯಿಂದ ಮೂಟೆ ಇಳಿಸಿದರು. ಗೌರಮ್ಮನವರು ನಿಂತು ತೂಗಿಸಿದರು. ಭತ್ತ ಬಾಯಿಗೆ ಬಿತ್ತು. ಯಂತ್ರ ಗುಡುಗಲು ಶುರುಮಾಡಿತು. ನಾವು ಸೂರು ಜಾಡಿಸಿದ್ದೇನೋ ಸರಿ, ನಮ್ಮ ಪೊರಕೆಗೆ ಸಿಗದ ತೌಡು ತೊಲೆಯ ಮೇಲೆ ಬೇಕಾದಷ್ಟಿತ್ತು. ಯಂತ್ರ ಅಲುಗಿದ್ದೇ ತಡ, ಅದೆಲ್ಲ ಹಾರ ಹಾಕಿಕೊಂಡು ನಿಂತಿದ್ದ ಆ ಅಮ್ಮನ ತಲೆಯ ಮೇಲೆ, ಕನ್ನಡಕದ ಮೇಲೆ, ಚೀಲದ ಮೇಲೆ ಸುರಿಯಿತು.

ಬಸವರಾಜು “ಅಯ್ಯಯ್ಯೋ” ಎಂದು ಶಲ್ಯ ಹಿಡಿದು ಓಡಿಬಂದರು. ಆ ಅಮ್ಮ ಕೈ ಅಡ್ಡ ಹಿಡಿದು ಬೇಡ ಅಂದರು. ಅವರ ಕಣ್ಣು ಗೌರಮ್ಮನವರ ಮೇಲೇ ಇತ್ತು. ಇವರು ಅಷ್ಟರಲ್ಲಿ ಅತಿಥಿಯನ್ನೇ ಮರೆತಿದ್ದರು. ಮೊದಲ ಹಿಡಿ ಅಕ್ಕಿ ಅಂಗೈಗೆ ತೆಗೆದುಕೊಂಡು ಉಜ್ಜಿ, ಕಡಿದು, “ಬಿಗಿ ಆಯ್ತು, ಬಿಡು ಸ್ವಲ್ಪ, ರಾಜಮುಡಿ ಇದು, ಕೆಂಪು ಹೋಗಿಬಿಡತ್ತೆ” ಎಂದು ನನಗೆ ಕೂಗಿದರು. ಚಿಕ್ಕತಾಯಮ್ಮ ಆಗಲೇ ತೌಡಿನ ಚೀಲದ ಹತ್ತಿರ ನಿಂತಿದ್ದಳು.

“ಪೂರ್ತಿ ತುಂಬ್ಸು ಗೌರಮ್ಮ, ಓದ್ ಸಲ ಚೀಲ ಬಾಡೋಗಿತ್ತು!”

“ನಿನ್ನ ಭತ್ತದಲ್ಲಿ ಇದ್ದಷ್ಟು ತೌಡು ಬರತ್ತೆ. ನನ್ನ ಮನೆಯಿಂದ ತಂದು ತುಂಬಿಸ್ಲಾ?”

“ಆಗ ಬಂತು ನೋಡು ಬಾಯಿ!” ಎಂದು ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು.

ಬಿಳಿಯ ಅಮ್ಮ ಹತ್ತಿರ ಬಂದು, ಅಕ್ಕಿ ಕಡಿದು ನೋಡಿದ್ದು ಯಾಕೆ ಎಂದು ಕೇಳಿಸಿದರು. ಗೌರಮ್ಮನವರು ಒಂದು ಕಾಳು ಅವರ ಅಂಗೈಗೂ ಹಾಕಿ, ಕಡಿದು ನೋಡಿ ಅಂದರು. ಅವರು ಕಡಿದರು. ಆಮೇಲೆ ಇಬ್ಬರೂ ತೂಕದ ಪಕ್ಕದಲ್ಲೇ ನಿಂತು ಬಹಳ ಹೊತ್ತು ಮಾತಾಡಿದರು. ರೋಲರ್ ಯಾಕೆ ಹಾಕಿಸಿದಿರಿ, ಗಿರಾಕಿ ಎಲ್ಲಿಂದ ಬರುತ್ತಾರೆ, ಅಲ್ಲಿ ಹೋಗಿ ಏನು ಮಾಡುತ್ತೀರಿ. ಇವರು ಒಂದಕ್ಕೂ ತಡವರಿಸಲಿಲ್ಲ. ಮಾಲೀಕರ ಕುರ್ಚಿ ಖಾಲಿ ಇತ್ತು. ಬಸವರಾಜು ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ಮೂಟೆಯ ಬಾಯಿ ಹಿಡಿದಿದ್ದರು. ಅದಕ್ಕೇ ಹೇಳಿದ್ದು ಆ ಮನುಷ್ಯನ ಮನಸ್ಸು ಅಪ್ಪಟ ಎಂದು.

ಹೊರಡುವಾಗ ಚಿಕ್ಕತಾಯಮ್ಮ ಆ ಅಮ್ಮನ ಮುಂದೆ ಒಂದು ಬೊಗಸೆ ರಾಜಮುಡಿ ಹಿಡಿದಳು. “ತಕೋ ಮಗಾ, ನಿಮ್ಮೂರ್ನಾಗೆ ಸಿಕ್ಕಾಕಿಲ್ಲ.” ಯಾರಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ಬೆಂಗಳೂರಿನ ಹುಡುಗಿ ತಿಳಿಸಿದಳು. ಚಿಕ್ಕತಾಯಮ್ಮ ಆ ಅಮ್ಮನ ತಲೆ ತೋರಿಸಿ, “ಓಗ್ಲಿ ಬುಡು, ತೌಡಂತೂ ತಕಂಡ್ ಓಯ್ತಾವ್ಳೆ” ಅಂದಳು. ಅದನ್ನೂ ಆ ಹುಡುಗಿ ಹೇಳಿದಳು. ಆ ಅಮ್ಮ ಕನ್ನಡಕ ತೆಗೆದು ನಕ್ಕ ನಗು ಯಂತ್ರದ ಸದ್ದನ್ನೂ ಮೀರಿ ಕೇಳಿಸಿತು.

ವೀಸಾ ಬಂತು. ಮಧ್ಯೆ ಇನ್ನೂ ಎಷ್ಟೋ ಓಡಾಟ ಇತ್ತು, ಡಾಕ್ಟರ್ ಪರೀಕ್ಷೆ ಇತ್ತು, ಅದೆಲ್ಲ ನನಗೆ ತಿಳಿಯದು. ಒಂದು ಷರತ್ತು ಮಾತ್ರ ಗೌರಮ್ಮನವರೇ ಹೇಳಿದ್ದು ನೆನಪಿದೆ. ಅಲ್ಲಿ ಹೋದ ಮೇಲೆ ಗೊತ್ತುಮಾಡಿದ ಕಾಲದೊಳಗೆ ವ್ಯಾಪಾರ ಶುರು ಮಾಡಿ, ತಾವೇ ನಡೆಸಿ ತೋರಿಸಬೇಕು. ತೋರಿಸಿದರೆ ಷರತ್ತು ಬಿಟ್ಟು ಕಾಯಂ. ತೋರಿಸದಿದ್ದರೆ ಅಲ್ಲಿಂದ ಹೊರಡಿಸಲೂಬಹುದು.

“ಅಲ್ಲೂ ಬಂದು ನೋಡ್ತಾರಾ ಅಮ್ಮಾವ್ರೇ?”

“ನೋಡ್ತಾರಂತೆ.”

“ಚಿಕ್ಕತಾಯವ್ವನ್ನೂ ಕರ್ಕೊಂಡೋಗಿ ಮತ್ತೆ.”

ಅವರು ನಕ್ಕರು. ಹೊರಡುವ ಮುಂಚೆ ನಮ್ಮ ಕೆಲಸದವರಲ್ಲಿ ಒಬ್ಬರನ್ನೂ ಬಿಡಿಸಬಾರದೆಂದು ಮೈದುನನಿಂದ ಮಾತು ತೆಗೆದುಕೊಂಡರು. ಬಸವರಾಜು ಆ ಮಾತು ಉಳಿಸಿಕೊಂಡರು. ತೂಕದ ಹತ್ತಿರ ಎದ್ದು ನಿಲ್ಲುವುದನ್ನೂ ಕಲಿತರು. ನಾನು ಕೈಲಾಗುವವರೆಗೆ ಅಲ್ಲೇ ದುಡಿದು, ಗೌರವದಿಂದ ಮನೆಗೆ ಬಂದೆ.

ನಾನಿನ್ನೂ ಅಲ್ಲಿ ಕೆಲಸದಲ್ಲಿದ್ದಾಗಲೇ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೆಳಿಗ್ಗೆ ಮಿಲ್ಲಿನ ಫೋನು ರಿಂಗಾಯಿತು. ಬಸವರಾಜು ಮಾತಾಡಿ, “ಮಾದಪ್ಪ, ನಿನ್ನೇ ಕೇಳ್ತಾವ್ರೆ” ಎಂದು ರಿಸೀವರ್ ಕೊಟ್ಟರು. ಅವರಿಗೆ ಅಲ್ಲಿ ಸಂಜೆಯಂತೆ.

“ಮಾದಣ್ಣ, ನಾನು. ಹಿಟ್ಟಿನ ಮಿಲ್ಲು ಹಾಕಿದೀನಿ, ಗೊತ್ತಲ್ಲ? ರಾಗಿ, ಅಕ್ಕಿ ಎರಡೂ. ಇವತ್ತು ಬಂದಿದ್ರು ನೋಡೋಕೆ.”

ನಾನು ರಿಸೀವರ್ ಕಿವಿಗೆ ಒತ್ತಿಕೊಂಡೆ. “ಏನಾಯ್ತು ಅಮ್ಮಾವ್ರೇ?”

“ನಾನು ಮಿಷನ್ ನಿಲ್ಲಿಸ್ಲಿಲ್ಲ. ನೆಲಾನೂ ತೊಳೀಲಿಲ್ಲ. ಬಾಗಿಲು ತಟ್ಟಿದ್ರು, ಹಿಟ್ಟಿನ ಕೈಯಲ್ಲೇ ಹೋಗಿ ತೆಗೆದೆ. ಎದುರಿಗೆ ನಾನೇ ನಿಂತಿದ್ದೆ ಮಾದಣ್ಣ.”

ಆಮೇಲೆ, “ಎಲ್ಲ ಸರಿಯಾಗಿದೆ ಅಂದ್ರು. ಷರತ್ತು ತೆಗೀತಾರಂತೆ, ಇನ್ನು ಕಾಯಂ. ತಡಿ, ನಿನಗೊಂದು ಕೇಳಿಸ್ತೀನಿ” ಎಂದು ಫೋನನ್ನು ಯಂತ್ರದ ಹತ್ತಿರ ಹಿಡಿದರು. ಏಳು ಕಡಲಿನ ಆಚೆಯ ಮಿಲ್ಲು ನನ್ನ ಕಿವಿಯಲ್ಲಿ ಓಡಿತು. ನಾನು ಕಣ್ಣು ಒರೆಸಿಕೊಂಡು, ನನ್ನ ಗತ್ತಿನಲ್ಲಿ ಹ್ಞೂಂಗುಟ್ಟಿದೆ.

“ಚೆನ್ನಾಗೈತೆ. ಬೆಲ್ಟು ಚೂರು ಜಾರ್ತಾ ಐತೆ, ರಾಳ ಉಜ್ಜಿ.”

“ಇದಕ್ಕೆ ಬೆಲ್ಟೇ ಇಲ್ಲ ಮಾದಣ್ಣ!” ಎಂದು ಆ ಕಡೆಯಿಂದ ನಗು ಬಂತು. ಆ ನಗುವಿನ ಹಿಂದೆ ಹೆಣ್ಣುಮಕ್ಕಳಿಬ್ಬರ ನಗುವೂ ಇತ್ತು.

ಚಂದನಾ ಮಿಲ್ಲಿಗೆ ಸೇರುತ್ತೇನೆ ಅಂದಾಗ ನಮ್ಮ ಮನೆಯಲ್ಲಿ “ಹೆಣ್ಣುಡ್ಗಿ, ದೂಳಲ್ಲಿ ಏನ್ ಮಾಡ್ತಾಳೆ” ಅಂದವರಿದ್ದರು. ನಾನು ಅವರಿಗೆ ಗೌರಮ್ಮನವರ ಕಥೆ ಹೇಳಿದೆ. ಚಿಕ್ಕತಾಯಮ್ಮ ಬೈದ ಹಾಗೆ ಬೈದೂ ತೋರಿಸಿದೆ. ರಂಗಪ್ಪ ಮೇಸ್ತ್ರಿ, ಗೌರಮ್ಮನವರು, ಆ ಮುದುಕಿ, ಎಲ್ಲರೂ ನನಗೆ ಕೊಟ್ಟಿದ್ದು ಇಷ್ಟು ದೂರ ಬಂದು ಈ ಹುಡುಗಿಯ ಕೈ ಸೇರಿತು. ಇದಕ್ಕಿಂತ ಹೆಚ್ಚು ಏನು ಕೇಳಲಿ?

ಮೊನ್ನೆ ಅವಳನ್ನು ನೋಡಿಬರೋಣವೆಂದು ಹೋದೆ. ಗೇಟಿನವನು, “ಯಾರ್ನ ನೋಡ್ಬೇಕಜ್ಜ? ಒಳ್ಗೆ ಮಿಷನ್ ಓಡ್ತಾ ಐತೆ, ನಿಲ್ಲೋಗಂಟ ಕೂತ್ಕೋ” ಅಂದ. ಕೂತುಕೊಂಡೆ. ಅವನು ಒಳಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ದೊಡ್ಡ ಬಾಗಿಲು ತೆರೆಯಿತು. ತಲೆಗೆ ಟೋಪಿ, ಹುಬ್ಬಿನ ಮೇಲೆಲ್ಲ ತೌಡು. ಹಿಂದೆ ಯಂತ್ರ ಗುಡುಗುತ್ತಲೇ ಇತ್ತು.

“ಇಲ್ಯಾಕೆ ಕೂತಿದ್ದೀಯ ತಾತ?” ಎಂದು ತೌಡಿನ ಕೈಯಲ್ಲೇ ನನ್ನ ಕೈ ಹಿಡಿದಳು. “ಬಾ ಒಳಗೆ. ಓಡ್ತಾ ಇರುವಾಗ್ಲೇ ನೋಡ್ಬೇಕು.”